ಬೀಗರಿಗೆ ಕೊಟ್ಟ ಮೇಲಿನ ಜಾಗ

ನನ್ನ ತಂಗಿಯ ಗಂಡ ಮೋಸಗಾರನಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಬಾದಾಮಿಯ ಬಜಾರದಲ್ಲಿ ಇಂದಿಗೂ ಅವನನ್ನು ಹಾಗೆ ಅನ್ನುವವರಿದ್ದಾರೆ. ಅವನು ಮಾಡಿದ ತಪ್ಪು ಬೇರೆ. ಹೆಣ್ಣು ಕೊಟ್ಟವರು ಬೀಗರ ಮುಂದೆ ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂದು ಹಿರಿಯರು ಕಲಿಸಿದ್ದನ್ನು ಅವನು ಕಂಪ್ಯೂಟರಿನ ಒಳಗೂ ಪಾಲಿಸಿದ. ಅಷ್ಟಕ್ಕೇ ಅವನ ಮಗಳು ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಮನೆಯವರು ಕರೆಯಲು ಬರುತ್ತಾರೋ ಇಲ್ಲವೋ ಎಂದು ತಿಂಗಳುಗಟ್ಟಲೆ ತವರಿನಲ್ಲಿ ಕಾಯಬೇಕಾಯಿತು.

ನಾನು ಬಾಗಲಕೋಟೆಯ ದವಾಖಾನೆಯಲ್ಲಿ ಸಿಸ್ಟರ್ ಆಗಿ ಸೇರಿ, ವಾರ್ಡಿನ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ನಿವೃತ್ತಿಯಾದ ಮೇಲೆ ನವನಗರದ ನನ್ನ ಸಣ್ಣ ಮನೆಯಲ್ಲೂ ವಾರ್ಡಿನ ಶಿಸ್ತೇ ನಡೆಯಿತು. ಎದ್ದ ಕೂಡಲೇ ಹಾಸಿಗೆಯ ಮೂಲೆ ಮಡಚಬೇಕು, ಕುಡಿಯುವ ನೀರು ಕುದಿಸಬೇಕು, ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು. ಇಳಕಲ್ಲಿನಲ್ಲಿದ್ದ ತಂಗಿಗೆ ಇದೆಲ್ಲ ತಮಾಷೆ. "ಅಕ್ಕಾ, ನಿನ್ನ ಮನ್ಯಾಗ ಇಲಿ ಸೈತ ಟೈಮ್ ನೋಡಿ ಬರ್ತಾವು" ಅನ್ನುತ್ತಿದ್ದಳು.

ಅವಳ ಗಂಡ ನಮ್ಮ ಸೋದರಮಾವನ ಮಗನೇ. ನನಗಿಂತ ಬಹಳ ಚಿಕ್ಕವನು, ಅಂಗಿ ಹಾಕಿಕೊಳ್ಳಲು ಬರದ ವಯಸ್ಸಿನಿಂದ ನಾನು ನೋಡಿದವನು. ನೇಕಾರರ ಮನೆಗಳಿಗೆ ನೂಲು ಕೊಟ್ಟು, ನೇಯ್ದ ಸೀರೆ ತೆಗೆದುಕೊಂಡು ಮಾರುವುದು ಅವನ ಉದ್ಯೋಗ. ಮನೆಯಲ್ಲೂ ಕೈಮಗ್ಗಗಳಿದ್ದವು. ಓಣಿ ಓಣಿಯಲ್ಲಿ ಪವರ್‌ಲೂಮಿನ ಸದ್ದು ಏಳತೊಡಗಿದ ಮೇಲೆ ಕೈಮಗ್ಗದ ಸೀರೆ ಕೇಳುವವರು ಕಡಿಮೆಯಾದರು. ಮನೆಯ ಮಗ್ಗಗಳಲ್ಲಿ ಕೆಲವು ಬಟ್ಟೆ ಹೊದ್ದು ಕುಳಿತವು. ಒಬ್ಬಳೇ ಮಗಳನ್ನು ಬಾದಾಮಿಗೆ ಕೊಟ್ಟಿದ್ದರು. ಬೀಗರದು ಬಜಾರದಲ್ಲಿ ಬೀಜ, ಗೊಬ್ಬರದ ಅಂಗಡಿ. ಅಳಿಯನೂ ತಂದೆಯ ಜೊತೆ ಅಲ್ಲೇ.

ಇಂಟರ್‌ನೆಟ್ಟಿನಿಂದ ಈ ಹುಡುಗಿ ಆಗಲೇ ದುಡಿಯುತ್ತಿದ್ದಳು. ಅದು ಯಾರಿಗೂ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಬಾಗಲಕೋಟೆಯ ಒಬ್ಬ ಮುದ್ರಕರು ಕೈಬರಹದ ಹಾಳೆಗಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದರು. ಇವಳು ಅಂಗಡಿಯ ಲೆಕ್ಕಕ್ಕೆಂದು ಮನೆಗೆ ತಂದಿದ್ದ ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಹೊತ್ತು ಅವನ್ನು ಟೈಪ್ ಮಾಡಿ, ಬಜಾರದ ಇಂಟರ್‌ನೆಟ್ ಅಂಗಡಿಗೆ ಹೋಗಿ ಮೇಲ್ ಮಾಡುತ್ತಿದ್ದಳು. ಮುದ್ರಕರು ಒರಟು ಮನುಷ್ಯ. ತಪ್ಪು ಕಂಡರೆ ಫೋನಿನಲ್ಲೇ ಬೈದು ಮತ್ತೆ ಮಾಡಿಸುವರು. ಕೂಲಿ ಕಡಿಮೆ, ಆದರೆ ಪುಟ ಸರಿಯಾಯಿತೆಂದರೆ ತಪ್ಪದೆ ಕೈಗೆ ಬರುತ್ತಿತ್ತು.

"ದೊಡ್ಡವ್ವ, ಈ ಮುದುಕ ಸತ್ರೂ ನನ್ನ ಹೊಗಳೂದಿಲ್ಲ" ಎಂದು ಅವಳು ನನ್ನ ಬಳಿ ಗೊಣಗುತ್ತಿದ್ದಳು.

"ಬೈತಾನಲ್ಲ, ಅಷ್ಟು ಸಾಕು. ಅಂದ್ರ ಅವಂಗ ನಿನ್ನ ಕೆಲಸ ಬೇಕಾಗೈತಿ" ಎನ್ನುತ್ತಿದ್ದೆ.

ಅವಳು ಬಸುರಾದ ವರ್ಷ ತಂಗಿಯ ಗಂಡ ನನಗೆ ಫೋನ್ ಮಾಡಿದ. "ಅಕ್ಕಾರ, ರವಿವಾರ ಹುನಗುಂದಕ್ಕ ಬರ್ರಿ. ಒಂದು ಮೀಟಿಂಗ್ ಐತಿ. ಮನ್ಯಾಗ ಕುಂತು ಕಂಪ್ಯೂಟರ್‌ನ್ಯಾಗ ಗಳಿಸೂದು ಹೇಳಿಕೊಡ್ತಾರಂತ."

"ನಿನ್ನ ಮಗಳು ಗಳಿಸಾಕ ಹತ್ಯಾಳಲ್ಲ."

"ಅದೇನ್ ಗಳಿಕಿ ಬಿಡ್ರಿ. ಒಂದು ಪುಟಕ್ಕ ಕಣ್ಣು ಕಿತ್ತು ಬರ್ತಾವು. ಇದು ಹಂಗಲ್ಲ. ನೀವೂ ಒಮ್ಮೆ ಬಂದು ಕೇಳ್ರಿ, ಕೇಳಾಕ ರೊಕ್ಕ ಕೊಡೂದೇನಿಲ್ಲಲ್ಲ."

ಹೋದೆ. ಹುನಗುಂದದ ಒಂದು ಕಲ್ಯಾಣ ಮಂಟಪ. ಮದುವೆಗೆ ವಧೂವರರನ್ನು ಕೂರಿಸುವ ಕಟ್ಟೆಯ ಮೇಲೆ ಬಿಳಿ ಪರದೆ ಕಟ್ಟಿದ್ದರು. ಟೈ ಕಟ್ಟಿದ ಒಬ್ಬ ಬೆಂಗಳೂರಿನ ಕಡೆಯ ಕನ್ನಡದಲ್ಲಿ ಮಾತಾಡಿದ. "ನೀವು ಕೆಲಸ ಮಾಡಬೇಕಾಗಿಲ್ಲ ಸರ್. ನಿಮ್ಮ ಅಭಿಪ್ರಾಯ ಕೆಲಸ ಮಾಡುತ್ತೆ. ದೊಡ್ಡ ದೊಡ್ಡ ಕಂಪನಿಗಳು ನಿಮ್ಮ ಮಾತು ಕೇಳೋಕೆ ಕಾಯ್ತಾ ಇವೆ."

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಮನ್ಯಾಗ ನನ್ನ ಮಾತು ಯಾರೂ ಕೇಳೂದಿಲ್ರಿ ಸಾಹೇಬ್ರ, ನೀವರ ಕೇಳ್ರಿ!" ಸಭೆಯೆಲ್ಲ ನಕ್ಕಿತು. ಟೈ ಕಟ್ಟಿದವನೂ ನಕ್ಕ. ಅಲ್ಲಿಗೆ ಅರ್ಧ ಸಭೆ ಅವನ ಕಡೆಯಾಯಿತು.

ವ್ಯವಹಾರ ಇಷ್ಟು. ಒಮ್ಮೆ ಫೀ ಕಟ್ಟಿ ಸದಸ್ಯರಾಗಬೇಕು. ವಾರಕ್ಕೊಮ್ಮೆ ಅವರ ವೆಬ್‌ಸೈಟಿನಲ್ಲಿ ಕೆಲವು ಪ್ರಶ್ನೆ ಬರುತ್ತವೆ. ಯಾವ ಸಾಬೂನು ಬಳಸುತ್ತೀರಿ, ಯಾವ ಚಹಾಪುಡಿ, ಎಷ್ಟು ಹೊತ್ತು ಟಿವಿ ನೋಡುತ್ತೀರಿ. ಉತ್ತರ ಒತ್ತಿದರೆ ಪಾಯಿಂಟು, ಪಾಯಿಂಟಿಗೆ ಹಣ. ಇದಲ್ಲದೆ ನಿಮ್ಮ ಕೆಳಗೆ ಎಡಕ್ಕೊಬ್ಬ, ಬಲಕ್ಕೊಬ್ಬ ಸದಸ್ಯರನ್ನು ಸೇರಿಸಬೇಕು. ಅವರು ತಮ್ಮ ಕೆಳಗೆ ಇಬ್ಬಿಬ್ಬರನ್ನು. ಕೆಳಗಿನವರ ಗಳಿಕೆಯಲ್ಲಿ ಒಂದು ಪಾಲು ಮೇಲಿನವರಿಗೆ ಏರುತ್ತಾ ಹೋಗುತ್ತದೆ. ಪರದೆಯ ಮೇಲೆ ಬೇರು ಮೇಲಾಗಿ ನಿಂತ ಗಿಡದಂಥ ಚಿತ್ರ ತೋರಿಸಿದರು.

ನಾನು ಎದ್ದು ನಿಂತು ಕೇಳಿದೆ: "ಈ ಉತ್ತರ ಯಾರು ಕೊಂಡುಕೊಳ್ತಾರ್ರಿ? ಒಂದು ಕಂಪನಿ ಹೆಸರು ಹೇಳ್ರಿ."

"ಅದು ಗೌಪ್ಯ ಮೇಡಂ."

"ಜನ ಸುಳ್ಳು ಉತ್ತರ ಕೊಟ್ರ?"

"ಅಭಿಪ್ರಾಯದಲ್ಲಿ ಸುಳ್ಳು, ನಿಜ ಅಂತ ಇರಲ್ಲ ಮೇಡಂ." ಜನ ಚಪ್ಪಾಳೆ ತಟ್ಟಿದರು.

ಹೊರಗೆ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ಬೇಕಾದವರು ಉತ್ತರ ಕೊಟ್ಟು ನೋಡಬಹುದು ಎಂದಿದ್ದರು. ಕುಳಿತೆ. ನಾವು ವಾರ್ಡಿನಲ್ಲಿ ಪ್ರಶ್ನೆ ಕೇಳುತ್ತಿದ್ದುದು ನೆನಪಾಯಿತು. ಜ್ವರ ಯಾವಾಗ ಬಂತು, ಏನು ತಿಂದಿರಿ, ಯಾವ ಗುಳಿಗೆ ಮೈಗೆ ಒಗ್ಗುವುದಿಲ್ಲ. ರೋಗಿ ತಪ್ಪು ಹೇಳಿದರೆ ಔಷಧ ತಪ್ಪುತ್ತದೆ. ಆದ್ದರಿಂದ ಮತ್ತೆ ಕೇಳುತ್ತೇವೆ, ಅವನ ತಾಯಿಯನ್ನು ಕೇಳುತ್ತೇವೆ, ನಾಲಿಗೆ ಚಾಚಿಸಿ ನೋಡುತ್ತೇವೆ. ಉತ್ತರ ನಿಜವಾಗಿ ಬೇಕಾದವನು ಹಾಗೆ ಮಾಡದೆ ಬಿಡುವುದಿಲ್ಲ. ಈ ಕಂಪ್ಯೂಟರಿಗೆ ನಾನು ದಿನಕ್ಕೊಂದು ಚೀಲ ಚಹಾಪುಡಿ ಮುಗಿಸುವವಳು, ಇಡೀ ದಿನ, ಇಡೀ ರಾತ್ರಿ ಟಿವಿ ನೋಡುವವಳು, ನನ್ನ ಮನೆಯಲ್ಲಿ ನಲವತ್ತು ಜನ ಚೊಚ್ಚಲ ಬಾಣಂತಿಯರಿದ್ದಾರೆ ಎಂದು ಉತ್ತರ ಕೊಟ್ಟೆ. ಅದು ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿ ಪೂರ್ತಿ ಪಾಯಿಂಟು ಕೊಟ್ಟಿತು.

ತಂಗಿಯ ಗಂಡನನ್ನು ಕರೆದು ತೋರಿಸಿದೆ. ಅವನ ಮುಖ ಅರಳಿತು.

"ಛಲೋ ಆತಲ್ರಿ ಅಕ್ಕಾರ! ಅಂದ್ರ ಇದರಾಗ ತಪ್ಪು ಆಗೂದ ಇಲ್ಲ."

ಇಳಕಲ್ಲಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದೆ. "ನೀರು ಹಾಕಿದ ಹಾಲಿಗೂ ಪೂರಾ ರೇಟು ಕೊಡ್ತೇನಿ ಅಂತಾನಲ್ಲೋ. ಅಂದ್ರ ಅವಂಗ ಹಾಲು ಬ್ಯಾಡ. ನೀ ಕಟ್ಟೂ ಫೀ ಬೇಕು, ನೀ ಕರಕೊಂಡು ಬರೂ ಮಂದಿ ಬೇಕು. ನಿನ್ನ ಮಗಳಿಗೆ ಆ ಮುದುಕ ಯಾವತ್ತರ ಫೀ ಕೇಳ್ಯಾನೇನು?"

ಅವನು ಕಿಟಕಿಯ ಕಡೆ ನೋಡುತ್ತಾ ಅಂದ: "ನಿಮಗ ತಿಂಗಳಾ ಪೆನ್ಶನ್ ಬರ್ತೈತ್ರಿ ಅಕ್ಕಾರ. ನಮ್ಮ ಮಗ್ಗಕ್ಕ ಯಾರು ಪೆನ್ಶನ್ ಕೊಡ್ತಾರ?"

ದುಡಿಯುವ ಕೈ ಖಾಲಿ ಕುಳಿತಾಗ ಬುದ್ಧಿ ಹೇಳುವವಳ ಹೊಟ್ಟೆ ತುಂಬಿದೆ ಎಂಬುದೇ ಮೊದಲು ಕಣ್ಣಿಗೆ ಬೀಳುತ್ತದೆ. ಟೈ ಕಟ್ಟಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಈ ಭಾಗದಲ್ಲಿ ಇನ್ನೂ ಯಾರೂ ಸೇರಿಲ್ಲ, ಆದ್ದರಿಂದ ಎಲ್ಲರಿಗಿಂತ ಮೇಲಿನ ಜಾಗ ನಿಮಗೇ ಎಂದು ಅವರು ನನ್ನ ತಂಗಿಯ ಗಂಡನಿಗೆ ಆಸೆ ಹಚ್ಚಿದ್ದರು. ಬೇರೆ ಯಾರಾದರೂ ಆಗಿದ್ದರೆ ಬಾಚಿಕೊಳ್ಳುತ್ತಿದ್ದರು. ಇವನಿಗೆ ನಿದ್ದೆ ಹತ್ತಲಿಲ್ಲವಂತೆ. ಬೀಗರನ್ನು ಸೇರಿಸದೆ ಬಿಡುವ ಹಾಗಿಲ್ಲ. ಇಂಥ ಲಾಭ ಗೊತ್ತಿದ್ದೂ ಮುಚ್ಚಿಟ್ಟರೆಂದು ನಾಳೆ ಮಗಳಿಗೆ ಮಾತು ಬರುತ್ತದೆ. ಸೇರಿಸಿದರೆ ತಾನು ಮೇಲೆ, ಅವರು ಕೆಳಗೆ. "ಮಗಳ ಕೊಟ್ಟ ಮನಿ ಅಕ್ಕಾರ. ಅವರು ದುಡದದ್ದರಾಗ ನಾ ಪಾಲು ತಿನ್ನೂದು ಹೆಂಗ?" ಎಂದು ನನ್ನನ್ನೇ ಕೇಳಿದ. ನಮ್ಮಲ್ಲಿ ಹೆಣ್ಣಿನ ತಂದೆ ಬೀಗರ ಸಮಕ್ಕೆ ಗಾದಿಯ ಮೇಲೆ ಕೂರಲೂ ಹಿಂದೆ ಮುಂದೆ ನೋಡುತ್ತಾನೆ. ಆ ಲೆಕ್ಕವನ್ನು ಇವನು ಯಾವುದೋ ಊರಿನ ಯಾರೋ ಕಳ್ಳರು ಬರೆದ ಚಿತ್ರದೊಳಕ್ಕೆ ಒಯ್ದಿದ್ದ.

ಹುಡುಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ನಾವೆಲ್ಲ ಟೆಂಪೋ ಮಾಡಿಕೊಂಡು ಬಾದಾಮಿಗೆ ಹೋದೆವು. ಹಸಿರು ಸೀರೆ, ಹಸಿರು ಬಳೆ, ಬುಟ್ಟಿಗಟ್ಟಲೆ ಕರ್ಚಿಕಾಯಿ, ಉಂಡಿ. ಹುಡುಗಿಯನ್ನು ಕೂರಿಸಿ ಆರತಿ ಮಾಡಿದರು. ಊಟವಾದ ಮೇಲೆ ತಂಗಿಯ ಗಂಡ ಬೀಗರಿಗೆ ಶಾಲು ಹೊದಿಸಿ, ಕೈಯಲ್ಲಿ ಒಂದು ಲಕೋಟೆ ಇಟ್ಟ.

"ಬೀಗರ, ಇದರಾಗ ನಿಮ್ಮ ನಂಬರ್ ಐತಿ. ಫೀ ನಾ ತುಂಬೇನಿ. ನಮ್ಮ ಭಾಗಕ್ಕೆಲ್ಲಾ ನೀವ ಮೊದಲು. ನಾ ನಿಮ್ಮ ಕೆಳಗ."

"ಕೆಳಗ ಅಂದ್ರ ಎಷ್ಟು ಕೆಳಗ್ರಿ?" ಬೀಗ್ತಿ ಬಾಗಿಲಲ್ಲಿ ನಿಂತು ಕೇಳಿದಳು. "ನೆಲಮಾಳಗ್ಯಾಗ ಹೋಗಿ ಕುಂದ್ರಬ್ಯಾಡ್ರಿ ಮತ್ತ, ಚಾ ಕೊಡಾಕ ಇಳಿದು ಬರಾಕ ಆಗೂದಿಲ್ಲ."

ಎಲ್ಲರೂ ನಕ್ಕರು. ಬೀಗರು ಶಾಲು ಸರಿಪಡಿಸಿಕೊಂಡು, "ಹಿಂಗ ಮರ್ಯಾದಿ ಬಲ್ಲಾವರು ಸಿಗಬೇಕು ನೋಡ್ರಿ" ಎಂದು ನೆಂಟರ ಕಡೆ ತಿರುಗಿ ಹೇಳಿದರು. ಹುಡುಗಿ ಮಾತ್ರ ನಗಲಿಲ್ಲ. ಕೈ ತೊಳೆಯಲು ಹೋದಾಗ ನನ್ನ ಪಕ್ಕಕ್ಕೆ ಬಂದು, "ದೊಡ್ಡವ್ವ, ಅಪ್ಪಗ ನೀ ಹೇಳಬೇಕಿಲ್ಲ?" ಎಂದಳು.

"ಹೇಳಿ ಸಾಕಾಗೈತಿ. ನೀ ಹೇಳು."

"ನಾ ಹೇಳಿದ್ರ, ನೀ ಹೋಗವಾ, ನಿನ್ನ ಮುದುಕನ ಪುಟ ಟೈಪ್ ಮಾಡು ಅಂತ ನಗತಾರ."

ಅವತ್ತೇ ಅವಳನ್ನು ಹೆರಿಗೆಗೆ ಇಳಕಲ್ಲಿಗೆ ಕರೆದುಕೊಂಡು ಬಂದೆವು.

ಮೊದಮೊದಲು ಹಣ ಬಂತು. ಬರದಿದ್ದರೆ ಊರು ಬಲೆಗೆ ಬೀಳುವುದು ಹೇಗೆ? ಬೀಗರಿಗೆ ಬಂದ ಮೊದಲ ಚೆಕ್ಕಿನ ಝೆರಾಕ್ಸು ಅಂಗಡಿಯ ಮೇಜಿನ ಗಾಜಿನ ಕೆಳಗೆ ಕೂತಿತು. ಬೀಜ ಕೊಳ್ಳಲು ಬಂದವರು ಅದನ್ನು ನೋಡಿದರು. ಪಕ್ಕದ ಅಂಗಡಿಯವರು, ಲಾಡ್ಜಿನ ಮ್ಯಾನೇಜರು, ಗುಡಿ ತೋರಿಸುವ ಗೈಡು, ಬಸ್‌ಸ್ಟ್ಯಾಂಡಿನ ಚಹಾದವನು, ಎಲ್ಲ ಸೇರಿದರು. ಕಂಪ್ಯೂಟರ್ ಮುಟ್ಟಲು ಬರದವರ ಉತ್ತರಗಳನ್ನು ಇಂಟರ್‌ನೆಟ್ ಅಂಗಡಿಯವನೇ ಒಟ್ಟಿಗೆ ಒತ್ತಿ, ತಲೆಗಿಷ್ಟು ಎಂದು ತೆಗೆದುಕೊಳ್ಳುತ್ತಿದ್ದ. ನೆಂಟಸ್ತಿಕೆ ಹಿಡಿದು ಅದು ಗುಡೂರಿಗೆ ಹೋಯಿತು, ಬೇವೂರಿಗೆ ಹೋಯಿತು. ಎಲ್ಲ ಕಡೆಯೂ ಇದೇ ಮರ್ಯಾದೆ: ಅಣ್ಣ ಮೇಲೆ, ತಮ್ಮ ಕೆಳಗೆ, ಮಾವ ಮೇಲೆ, ಅಳಿಯನ ತಮ್ಮ ಕೆಳಗೆ. ಗುಡೂರಿನ ಒಂದು ಮನೆಯಲ್ಲಿ ತಮ್ಮ ತಿಳಿಯದೆ ಮೊದಲು ಸೇರಿದನೆಂದು ಅಣ್ಣ ಅವನ ಜೊತೆ ಮಾತೇ ಬಿಟ್ಟನಂತೆ. ಕಳ್ಳರು ನಮ್ಮ ಮನೆಗಳಿಗೆ ಬರಲೇ ಇಲ್ಲ. ನಾವೇ ಒಬ್ಬರನ್ನೊಬ್ಬರು ಕೈಹಿಡಿದು, ಹಿರಿಯರನ್ನು ಮುಂದಿಟ್ಟುಕೊಂಡು, ಅವರ ಬಳಿಗೆ ನಡೆದು ಹೋದೆವು.

ಒಂದು ವಾರ ವೆಬ್‌ಸೈಟು ತೆರೆಯಲಿಲ್ಲ. ಲೈನು ಬಿದ್ದಿರಬೇಕು ಎಂದುಕೊಂಡರು. ಮರುವಾರವೂ ತೆರೆಯಲಿಲ್ಲ. ಟೈ ಕಟ್ಟಿದವನ ಫೋನು ಬಂದ್. ಯಾರೋ ಕಂಪನಿಯವರ ಊರಿಗೇ ಹೋಗಿ ಆಫೀಸು ನೋಡಿ ಬಂದರು. ಬೀಗ ಹಾಕಿತ್ತು, ಬಾಗಿಲ ಸಂದಿಯಲ್ಲಿ ನಮ್ಮಂಥ ಎಷ್ಟೋ ಊರುಗಳವರ ಕಾಗದ ತುರುಕಿದ್ದವು.

ಅದೇ ಹೊತ್ತಿಗೆ ಹುಡುಗಿಗೆ ಹೆರಿಗೆಯಾಯಿತು. ನಾನೇ ಪಕ್ಕದಲ್ಲಿ ನಿಂತಿದ್ದೆ. ಗಂಡು ಕೂಸು, ಒಳ್ಳೆಯ ತೂಕ, ಒಳ್ಳೆಯ ದನಿ. ಬೀಗರಿಗೆ ಫೋನ್ ಮಾಡಿದೆ. ಆ ಕಡೆ ಜನ ಕೂಗಾಡುತ್ತಿದ್ದರು. "ಆತ್ರಿ" ಎಂದಷ್ಟೇ ಹೇಳಿ ಫೋನ್ ಇಟ್ಟರು. ಅಳಿಯ ಒಬ್ಬನೇ ಬಂದು, ಮಗುವನ್ನು ಎತ್ತಿಕೊಂಡು ನೋಡಿ, ಚಹಾ ಸಹ ಕುಡಿಯದೆ ಹೋದ.

ನಮ್ಮಲ್ಲಿ ಕೂಸಿಗೆ ಹೆಸರು ಕರೆಯಬೇಕಾದವಳು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಬಂತು. ಬಾದಾಮಿಯಿಂದ ಯಾರೂ ಬರಲಿಲ್ಲ. ಅಡುಗೆ ಮಾಡಿಟ್ಟುಕೊಂಡು ಕಾದೆವು. ನಾನು ತಂಗಿಗೆ, "ಸದ್ಯಕ್ಕ ನೀವ ಒಂದು ಹೆಸರಿಡ್ರಿ" ಎಂದೆ.

"ಸೋದರತ್ತಿ ಇಲ್ದ ಹೆಸರಿಡೂದು ಹೆಂಗಕ್ಕಾ? ಹಂಗ ಮಾಡಿದ್ರ ಅವರ ಮನಿ ಕೂಸು ಅಲ್ಲ ಅಂತ ನಾವ ಹೇಳಿದಂಗ."

ಮಗುವಿಗೆ ಹೆಸರಿಲ್ಲದೆ ದಿನ ಕಳೆದವು. ಬಂದು ಹೋಗುವವರು ಹೆಸರು ಕೇಳಿದಾಗಲೆಲ್ಲ ಹುಡುಗಿ ಒಳಗೆ ಎದ್ದು ಹೋಗುತ್ತಿದ್ದಳು.

ಕಡೆಗೆ ನಾನೇ ಬಾದಾಮಿಗೆ ಹೋದೆ. ಅಂಗಡಿಯ ಶಟರು ಅರ್ಧ ಇಳಿದಿತ್ತು. ಬೀಗರು ಒಳಗೆ ಗೊಬ್ಬರದ ಚೀಲಗಳ ನಡುವೆ ಕುಳಿತಿದ್ದರು. ಮೇಜಿನ ಗಾಜು ಒಡೆದಿತ್ತು.

"ಬಾಯಾರ, ಖರೆ ಹೇಳ್ರಿ" ಎಂದರು. "ಲಾಭ ಬರೂ ಜಾಗ ಯಾರರ ಇನ್ನೊಬ್ಬರಿಗೆ ಬಿಟ್ಟುಕೊಡ್ತಾರೇನು? ಅವಂಗ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನ ಮುಂದ ಕುಂಡ್ರಿಸ್ಯಾನ."

"ಮರ್ಯಾದಿಗಂತ ಕೊಟ್ಟಾನ್ರಿ."

"ಮರ್ಯಾದಿ! ಠಾಣ್ಯಾಗ ಬೆಂಚಿನ ಮ್ಯಾಲ ಕುಂಡ್ರಿಸಿ, ಎಲ್ಲಾರಗಿಂತ ಮ್ಯಾಲಿನಾಂವ ನೀ ಅಲ್ಲೇನೋ ಅಂದ್ರು. ಏನೋ, ನೀ ಅಂತ ಕರದ್ರು ಬಾಯಾರ, ಈ ವಯಸ್ಸಿಗೆ. ನಮ್ಮ ಅಂಗಡ್ಯಾಗ ಚೀಲ ಹೊರೂ ಹಮಾಲ ಬಂದು ನನಗ ಚಾ ಕೊಡಿಸಿದ. ಅಷ್ಟ ನನಗ ಉಳದ ಮರ್ಯಾದಿ."

ತಂಗಿಯ ಗಂಡನಿಗೆ ಕೇಡಿನ ಬುದ್ಧಿ ಇರಲಿಲ್ಲ, ಬರೀ ಮಂಕು ಎಂದು ತೋರಿಸಬೇಕಿತ್ತು. ಹುನಗುಂದದ ಸಭೆಯ ಕಥೆ ಹೇಳಿದೆ. ನಾನು ಎಷ್ಟು ಹೇಳಿದರೂ ಅವನು ನಂಬಿದ್ದು ಆ ಟೈ ಕಟ್ಟಿದವನನ್ನೇ ಎಂದೆ. ಬೀಗರು ತಲೆ ಎತ್ತಿದರು.

"ನೀವು ಮೊದಲ ಹೇಳಿದ್ರಿ?"

"ಹೇಳಿದ್ನಿರಿ."

"ಇದು ಮೋಸ ಅಂತ ಹೇಳಿದ್ರಿ?"

"ಹೌದ್ರಿ."

"ಮತ್ತ? ನಾ ಇಷ್ಟೊತ್ತನ ಏನ್ ಹೇಳಾಕ ಹತ್ತೇನಿ? ಅವಂಗ ಗೊತ್ತಿತ್ತು!"

ನನ್ನ ಬಾಯಿಯಿಂದಲೇ ಅವರಿಗೆ ಬೇಕಾದ ಸಾಕ್ಷಿ ಸಿಕ್ಕಿತ್ತು. ಅವರು ಕೆಟ್ಟ ಮನುಷ್ಯರಲ್ಲ. ಬಜಾರದಲ್ಲಿ ಕುಳಿತವರು, ಬಜಾರದ ಲೆಕ್ಕ ಹಾಕಿದರು. ಲಾಭವೆಂದು ನಂಬಿಯೂ ಅದನ್ನು ಬಿಟ್ಟುಕೊಡುವ ಮನುಷ್ಯ ಇರಬಹುದೆಂದು ಈ ಪ್ರಪಂಚದಲ್ಲಿ ಯಾವ ಅಂಗಡಿಯವನೂ ಒಪ್ಪುವುದಿಲ್ಲ.

ನಾನು ಮರಳಿ ಬಂದು ನಡೆದದ್ದನ್ನು ಹೇಳಿದೆ. ತಂಗಿಯ ಗಂಡ ಮರುದಿನವೇ ಬಾದಾಮಿಗೆ ಹೊರಟ. ನಾನೂ ಜೊತೆಗೆ ಹೋದೆ. ಅಂಗಡಿಯ ಹೊರಗೆ ಚಪ್ಪಲಿ ಬಿಟ್ಟು, ಹಣ ಕೇಳಲು ಅಲ್ಲಿ ಸೇರಿದ್ದ ಜನರಿಗೆ ಕೈಮುಗಿದು ಹೇಳಿದ: "ಇವರನ್ನ ಸೇರಿಸಿದಾಂವ ನಾ. ಇವರ ಫೀ ತುಂಬಿದಾಂವ ನಾ. ಬೈಯೂದಿದ್ರ ನನ್ನ ಬೈಯ್ರಿ. ಇವರದೇನೂ ತಪ್ಪಿಲ್ಲ."

ಗುಡಿ ತೋರಿಸುವ ಗೈಡು ಬೀಗರ ಕಡೆ ತಿರುಗಿದ.

"ಸಾವುಕಾರ್ರ, ಇವರನ್ನ ಎಲ್ಲಿಂದ ಹಿಡಕೊಂಡು ಬಂದ್ರಿ? ಬೀಗರಂತ? ಭಾಳ ಛಲೋ ಕಲಿಸೀರಿ ಬಿಡ್ರಿ."

"ನಾನ ಖುದ್ದ ಬಂದೇನ್ರಿ" ಎಂದ ತಂಗಿಯ ಗಂಡ.

"ಬರದ ಏನ್ ಮಾಡ್ತೀರಿ, ಮಗಳ ಕೊಟ್ಟೀರಿ. ಕಂಪ್ಯೂಟರ್‌ನ್ಯಾಗ ಯಾರ ಹೆಸರು ಮ್ಯಾಲ ಇತ್ತು ಅನ್ನೂದು ನಾವೆಲ್ಲಾ ಕಣ್ಣಾರೆ ನೋಡೇವಿ."

ಚಹಾದವನು ನಕ್ಕ. ಆ ನಗೆಗೆ ಉಳಿದವರೂ ಸೇರಿದರು. ಬೀಗರು ಎದ್ದು ಒಳಗೆ ಹೋದರು. ಸುಳ್ಳು ಸಾಕ್ಷಿ ಹೇಳಿಸಿದರು ಎಂಬ ಅಪವಾದವೊಂದು ಅವರ ಮೇಲೆ ಬರುವುದು ಉಳಿದಿತ್ತು, ಅದೂ ಬಂತು.

ಒಂದೆರಡು ತಿಂಗಳ ಮೇಲೆ ಅಳಿಯ ಬಂದ. ತಂದೆಯ ಮಾತು ತಂದಿದ್ದ. ಹೆಂಡತಿ, ಮಗು ಬರಬಹುದು. ಇಳಕಲ್ಲಿನ ಬೀಗರು ಮಾತ್ರ ಆ ಹೊಸ್ತಿಲಿಗೆ ಬರಕೂಡದು. ಮನೆಯ ಕಂಪ್ಯೂಟರ್ ಮಾರಿ ಆಗಿದೆ. ಟೈಪಿಂಗ್, ಇಂಟರ್‌ನೆಟ್ ಎಂಬ ಮಾತು ಇನ್ನು ಆ ಮನೆಯಲ್ಲಿ ಏಳಬಾರದು.

"ನನ್ನ ಕೆಲಸಕ್ಕೂ ಇದಕ್ಕೂ ಏನ್ ಸಂಬಂಧ?" ಎಂದಳು ಹುಡುಗಿ.

"ನನಗ ಗೊತ್ತೈತಿ. ಅಪ್ಪಗ ಹೇಳಾವ್ರು ಯಾರು? ಅವರ ಕಣ್ಣಿಗೆ ಎಲ್ಲಾ ಒಂದ."

ಅವಳು ಮಗುವಿನ ಕಾಲು ಒತ್ತತೊಡಗಿದಳು. ಒಂದು ಪುಟ ತಪ್ಪಿದರೆ ಬೈಸಿಕೊಂಡು, ಮತ್ತೆ ಮಾಡಿ, ಬೆವರಿನ ಹಣ ತಂದವಳು ಈ ಇಡೀ ಗದ್ದಲದಲ್ಲಿ ಅವಳೊಬ್ಬಳೇ. ಶಿಕ್ಷೆ ಬಂದದ್ದು ಅವಳ ಕೆಲಸಕ್ಕೆ. ನಾನು ಏನಾದರೂ ಅನ್ನುತ್ತೇನೆಂದು ತಂಗಿ ಹೆದರಿ ನನ್ನನ್ನೇ ನೋಡುತ್ತಿದ್ದಳು. ಆದರೆ ಅದು ಹುಡುಗಿ ಹೇಳಬೇಕಾದ ಮಾತು.

"ಆತು" ಎಂದಳು. "ಕೂಸಿಗೆ ಹೆಸರರ ಇಡ್ರಿ."

ಮುಗಿಯದ ಹಾಳೆಗಳನ್ನು ಅವಳು ಮುದ್ರಕರಿಗೆ ವಾಪಸ್ ಕಳಿಸಿದಳು. ಬಾಣಂತಿಯನ್ನು ಬಿಟ್ಟು ಬರಲು ತಂದೆ ಹೋಗುವಂತಿಲ್ಲ, ಗಂಡನನ್ನು ಬಿಟ್ಟು ತಾಯಿ ಹೋಗಲೊಲ್ಲಳು, ನಾನು ಹೋದೆ. ಬಾದಾಮಿಯ ಮನೆಯ ಬಾಗಿಲಲ್ಲಿ ತಾಯಿ-ಮಗು ಇಬ್ಬರಿಗೂ ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ಅಂದೇ ಸಂಜೆ ಬೀಗರ ಮಗಳು ತೊಟ್ಟಿಲ ಬಳಿ ಬಾಗಿ ಹೆಸರು ಕರೆದಳು. ಯಾವ ಹೆಸರು ಎಂದು ಹುಡುಗಿಯನ್ನು ಯಾರೂ ಮೊದಲು ಕೇಳಿರಲಿಲ್ಲ. ಕಂಪ್ಯೂಟರ್ ಇದ್ದ ಮೇಜಿನ ಮೇಲೆ ಬೀಗ್ತಿ ಸಕ್ಕರೆಯ ತಟ್ಟೆ ಇಟ್ಟಿದ್ದಳು.

ಮರುದಿನ ಇಳಕಲ್ಲಿಗೆ ಬಂದೆ. ತಂಗಿಯ ಗಂಡ ಪಡಸಾಲೆಯಲ್ಲಿ ಒಬ್ಬ ನೇಕಾರನಿಗೆ ಕೊಡಲು ನೂಲು ತೂಗುತ್ತಿದ್ದ. ನೀರು ಕೊಟ್ಟ ತಂಗಿ ಮೆಲ್ಲಗೆ ಕೇಳಿದಳು: "ಇವರು ಹೆಂಗದಾರ ಅಂತ ಯಾರರ ಕೇಳಿದ್ರೇನಕ್ಕಾ?"

ನಾನು ಲೋಟ ಕೆಳಗಿಡುವ ಮೊದಲೇ ಅವನು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದ: "ಕೇಳದ ಇರ್ತಾರೇನ? ಬೀಗರು ದೊಡ್ಡ ಮನಷ್ಯಾರು."

"ಯಾರೂ ಕೇಳಲಿಲ್ಲ" ಎಂದೆ.

ಅವನು ತಲೆಯಾಡಿಸಿದ. ನೇಕಾರನ ಕಡೆ ತಿರುಗಿ, "ಸ್ವಲ್ಪ ತಡಿಯಪ್ಪಾ, ತೂಕ ತಪ್ಪೈತಿ" ಎಂದು ನೂಲನ್ನೆಲ್ಲ ತೆಗೆದು ಮತ್ತೆ ಮೊದಲಿನಿಂದ ಹಾಕತೊಡಗಿದ.